ಎತ್ತು ನಿಲ್ಲುತ್ತಿತ್ತು, ಟ್ರ್ಯಾಕ್ಟರ್ ನಿಲ್ಲುವುದಿಲ್ಲ: ಕುಂಟಿಯಿಂದ ಬ್ಲೇಡಿನವರೆಗೆ

ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ರಸ್ತೆಯಲ್ಲಿ ಚೌಡಾಪುರ ಗೊತ್ತಿಲ್ಲದವರು ಕಡಿಮೆ. ದೇವಲ ಗಾಣಗಾಪುರಕ್ಕೆ ಹೋಗುವವರು ಇಲ್ಲೇ ಹೊರಳುತ್ತಾರೆ. ಸುತ್ತ ಎರಿ ಹೊಲ, ತೊಗರಿ, ಜೋಳ. ಹೊಲ ಸಮ ಮಾಡಲಿಕ್ಕೆ, ಒಡ್ಡು ಹಾಕಲಿಕ್ಕೆ, ಹೊಲದ ದಾರಿಗೆ ಗರಸು ಹರವಲಿಕ್ಕೆ ಟ್ರ್ಯಾಕ್ಟರಿಗೆ ಬ್ಲೇಡ್ ಕಟ್ಟಿಸುವುದು ಈ ಭಾಗದಲ್ಲಿ ಈಗ ಸಾಮಾನ್ಯ. ಕಂಪನಿ ಬ್ಲೇಡ್ ತುಟ್ಟಿ ಅನಿಸಿದವರು ದಪ್ಪ ತಗಡು, ಚಾನೆಲ್, ಆಂಗಲ್ ತಂದು ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸುತ್ತಾರೆ. ಇದನ್ನು ನಾವು ಜುಗಾಡು ಎಂದು ನಕ್ಕು ಬಿಡುತ್ತೇವೆ. ಆದರೆ ಇದಕ್ಕೆ ದೊಡ್ಡ ಇತಿಹಾಸವಿದೆ.

ಮೊದಲು ಕುಂಟಿ. ಬಡಿಗ ದಿಂಡು ಮತ್ತು ಈಸು ಕೆತ್ತುತ್ತಿದ್ದ, ಕಂಬಾರ ಕುಡ ಬಡಿದು ಕೊಡುತ್ತಿದ್ದ. ಇಬ್ಬರಿಗೂ ಸುಗ್ಗಿಯಲ್ಲಿ ಆಯದ ಕಾಳು ಸಲ್ಲುತ್ತಿತ್ತು. ಕುಂಟಿಯ ಅಲಗು ನೆಲದ ಮೇಲ್ಪದರವನ್ನಷ್ಟೇ ಕೆರೆದು ಕಸ ತೆಗೆಯುತ್ತದೆ, ಎರಿ ಬಿಟ್ಟ ಬಿರುಕು ಮುಚ್ಚುತ್ತದೆ, ಹಸಿ ಆರದಂತೆ ಹಿಡಿಯುತ್ತದೆ. 1930ರ ದಶಕದಲ್ಲಿ ಸೊಲ್ಲಾಪುರ, ವಿಜಯಪುರ, ರಾಯಚೂರುಗಳಲ್ಲಿ ಒಣಬೇಸಾಯದ ಸಂಶೋಧನೆ ಶುರುವಾಯಿತು. ಹಿರಿಯರು ಮಾಡುತ್ತಿದ್ದ ಹರಗುವ ಕೆಲಸಕ್ಕೆ ವಿಜ್ಞಾನಿಗಳೂ ಮಹತ್ವ ಕೊಟ್ಟರು.

ಆಮೇಲೆ ಕಾರ್ಖಾನೆಯ ಕಬ್ಬಿಣ ಬಂತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು. 1903ರ ಸುಮಾರಿಗೆ ಅವರು ಕಬ್ಬಿಣದ ನೇಗಿಲು ಮಾಡಿದಾಗ ರೈತರು ಕೊಳ್ಳಲಿಲ್ಲ. ಕಬ್ಬಿಣ ತಾಗಿದರೆ ನೆಲಕ್ಕೆ ವಿಷವೇರುತ್ತದೆ ಎಂಬ ಭಯ. ಅದನ್ನು ಬರೀ ಮೂಢನಂಬಿಕೆ ಎಂದರೆ ಆತುರವಾದೀತು. ಮರದ ರಂಟೆ ಮುರಿದರೆ ಊರಿನ ಬಡಿಗ ಸರಿ ಮಾಡುತ್ತಿದ್ದ. ಎರಕದ ನೇಗಿಲು ಒಡೆದರೆ ಯಾರ ಹತ್ತಿರ ಹೋಗಬೇಕು?

ಮಣ್ಣು ತಳ್ಳುವ ಡೋಜರ್ ಹುಟ್ಟಿದ್ದೂ ಒಂದು ಹಳ್ಳಿಯಲ್ಲೇ. 1923ರಲ್ಲಿ ಅಮೆರಿಕದ ಕಾನ್ಸಾಸ್ ರಾಜ್ಯದ ಮಾರೋವಿಲ್ ಎಂಬ ಸಣ್ಣ ಊರಿನಲ್ಲಿ ಜೇಮ್ಸ್ ಕಮಿಂಗ್ಸ್ ಎಂಬ ರೈತ, ಮೆಕ್ಲಿಯೋಡ್ ಎಂಬ ನಕಾಶೆಗಾರ ಸೇರಿ ಟ್ರ್ಯಾಕ್ಟರಿನ ಮುಂದೆ ಬ್ಲೇಡ್ ಕೂಡಿಸಿದರು. ಪೈಪ್‌ಲೈನಿಗೆ ತೋಡಿದ ಕಾಲುವೆ ಮುಚ್ಚುವುದು ಅವರ ಉದ್ದೇಶ. ಸಾಮಾನು ಬಹುಪಾಲು ಗುಜರಿಯದು. 1925ರಲ್ಲಿ ಪೇಟೆಂಟ್ ಸಿಕ್ಕಿತು. ಪೇಟೆಂಟಿನಲ್ಲಿದ್ದ ಹೆಸರು ಬಹಳ ಸಾದಾ: ಟ್ರ್ಯಾಕ್ಟರಿಗೆ ಜೋಡಿಸುವ ಸಾಧನ.

ಹಿಮ ಬೀಳುವ ದೇಶಗಳಲ್ಲಿ ಇದೇ ಅಲಗು ರಸ್ತೆಗಿಳಿಯಿತು. ಅಲ್ಲಿ ಅದನ್ನು ಹಿಮದ ನೇಗಿಲು ಅಂತಲೇ ಕರೆಯುತ್ತಾರೆ. 1862ರಲ್ಲೇ ಮಿಲ್ವಾಕಿ ನಗರದಲ್ಲಿ ಕುದುರೆಗಾಡಿಗೆ ಕಟ್ಟಿ ಹಿಮ ಸರಿಸಿದ್ದರು. ಮುಂದೆ ಲಾರಿ, ಜೀಪುಗಳಿಗೂ ಬಂತು. ಇವತ್ತಿಗೂ ಅಲ್ಲಿಯ ರೈತರು ಹಳೆಯ ಪೈಪು, ತಗಡು ಕತ್ತರಿಸಿ ಮನೆಯಲ್ಲೇ ಮಾಡಿಕೊಳ್ಳುತ್ತಾರೆ. ನಮ್ಮ ದೇಶದಲ್ಲಿ 1960ರಲ್ಲಿ ಸ್ಥಾಪನೆಯಾದ ಗಡಿ ರಸ್ತೆಗಳ ಸಂಸ್ಥೆ 11,500 ಅಡಿಗೂ ಎತ್ತರದ ಜೋಜಿ ಲಾ ಕಣಿವೆಯಲ್ಲಿ ಇಂಥ ಯಂತ್ರಗಳಿಂದಲೇ ದಾರಿ ಬಿಡಿಸುತ್ತದೆ.

ಗುಜರಾತಿನ ಅಮ್ರೇಲಿ ಜಿಲ್ಲೆಯ ಮನ್ಸುಖ್‌ಭಾಯಿ ಜಗಾನಿ 1994ರಲ್ಲಿ ಬುಲೆಟ್ ಮೋಟರ್‌ಸೈಕಲ್ಲಿನ ಹಿಂದಿನ ಗಾಲಿ ತೆಗೆದು ಅಲ್ಲಿ ಹೊಲದ ಸಲಕರಣೆ ಕೂಡಿಸಿದರು. ನಮ್ಮ ರಾಜ್ಯದಲ್ಲೇ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರ ಕೂರಿಗೆ ಮತ್ತಿತರ ಯಂತ್ರಗಳಿಗೆ 2022ರಲ್ಲಿ ಪದ್ಮಶ್ರೀ ಬಂತು.

ಈ ಇತಿಹಾಸದಿಂದ ನಮ್ಮ ವೆಲ್ಡಿಂಗ್ ಅಂಗಡಿಗಳು ಎತ್ತಿಕೊಳ್ಳಬೇಕಾದ ಒಂದು ಮಾತಿದೆ. ಕುಂಟಿಯ ಕುಡ ಕಲ್ಲಿಗೋ ಬೇರಿಗೋ ಸಿಕ್ಕರೆ ಎತ್ತಿಗೆ ಹೆಗಲ ಮೇಲೇ ಗೊತ್ತಾಗುತ್ತಿತ್ತು. ಅದು ನಿಲ್ಲುತ್ತಿತ್ತು, ರೈತ ಕುಂಟಿ ಎತ್ತಿ ಕಲ್ಲು ದಾಟಿಸುತ್ತಿದ್ದ. ಟ್ರ್ಯಾಕ್ಟರಿಗೆ ಆ ಹೆಗಲಿಲ್ಲ. ಮುಂದಿನ ಬ್ಲೇಡ್ ಕಲ್ಲಿಗೆ ಬಡಿದರೂ ಇಂಜಿನ್ ನೂಕುತ್ತಲೇ ಇರುತ್ತದೆ. ಆಗ ವೆಲ್ಡಿಂಗ್ ಬಿಚ್ಚುತ್ತದೆ, ಇಲ್ಲವೆ ಮುಂದಿನ ಆಕ್ಸಲ್ ಪೆಟ್ಟು ತಿನ್ನುತ್ತದೆ. ನಡೆಸುವವನು ಸ್ಟೇರಿಂಗಿಗೆ ಬಡಿದುಕೊಳ್ಳುತ್ತಾನೆ. ಹಿಮದ ನೇಗಿಲು ಮಾಡುವವರು ಇದಕ್ಕೆ ಉಪಾಯ ಕಂಡುಕೊಂಡರು. ಬ್ಲೇಡಿನ ಬೆನ್ನಿಗೆ ಗಟ್ಟಿ ಸ್ಪ್ರಿಂಗ್ ಹಾಕಿದರು. ಅಡ್ಡ ಏನಾದರೂ ಬಡಿದರೆ ಬ್ಲೇಡ್ ಮುಂದಕ್ಕೆ ಮಡಚಿ, ದಾಟಿದ ಮೇಲೆ ತಾನೇ ಎದ್ದು ನಿಲ್ಲುತ್ತದೆ.

ಇದು ನಮಗೆ ಗೊತ್ತಿಲ್ಲದ ವಿದ್ಯೆಯಲ್ಲ. ಕಲ್ಲಿರುವ ಹೊಲಕ್ಕೆ ನಾವು ಸ್ಪ್ರಿಂಗ್ ಕಲ್ಟಿವೇಟರ್ ಒಯ್ಯುವುದೇ ಆ ಕಾರಣಕ್ಕೆ. ಅದೇ ಜಾಣತನ ಬ್ಲೇಡಿಗೂ ಬರಬೇಕು. ಬ್ಲೇಡ್ ಮಾಡಿಸುವಾಗ ಎಲ್ಲವನ್ನೂ ಬಿಗಿಯಾಗಿ ಬೆಸೆಯಬೇಡಿ. ಮಡಚುವ ಕೀಲು, ಸ್ಪ್ರಿಂಗ್ ಕೇಳಿ. ಖರ್ಚು ಸ್ವಲ್ಪ ಹೆಚ್ಚಾದೀತು, ಆದರೆ ಬ್ಲೇಡಿನ ಹಿಂದೆ ಕೂಡುವುದು ನಿಮ್ಮ ಮಗನೋ ತಮ್ಮನೋ ಇರುತ್ತಾನೆ.

ಇನ್ನೊಂದು ಕೆಲಸ ನಿಮ್ಮ ಮೊಬೈಲಿನಲ್ಲೇ ಆಗುತ್ತದೆ. ನಿಮ್ಮೂರ ಕಂಬಾರರು, ವೆಲ್ಡರುಗಳು ಮಾಡಿದ ಸಲಕರಣೆಯ ಫೋಟೊ ತೆಗೆದು, ಮಾಡಿದವರು ಯಾರು, ಯಾವ ವರ್ಷ, ಯಾವ ಕೆಲಸಕ್ಕೆ ಅಂತ ಬರೆದಿಡಿ. ಮಾರೋವಿಲ್ಲಿನ ಇಬ್ಬರ ಹೆಸರು ನೂರು ವರ್ಷ ಉಳಿದದ್ದು ಅವರು ನಕಾಶೆ ಬರೆದಿಟ್ಟದ್ದರಿಂದ.