ಎರಡು ನಾಡುಗಳ ನಡುವಣ ತರೀಕೆರೆ

ಬೀರೂರಿನಿಂದ ಶಿವಮೊಗ್ಗದ ಕಡೆಗೆ ರೈಲಿನಲ್ಲಿ ಹೊರಟವರಿಗೆ ತರೀಕೆರೆಯು ದಾರಿಯ ನಡುವಣ ಒಂದು ನಿಲ್ದಾಣವೇ ಹೊರತು ಹೆಚ್ಚಿನದೇನೂ ಅಲ್ಲ. ಗಾಡಿ ನಿಲ್ಲುತ್ತದೆ, ನಾಲ್ಕು ಮಂದಿ ಇಳಿಯುತ್ತಾರೆ, ನಾಲ್ಕು ಮಂದಿ ಹತ್ತುತ್ತಾರೆ, ನೈರುತ್ಯದಲ್ಲಿ ಬಾಬಾಬುಡನ್ ಬೆಟ್ಟಗಳ ಸಾಲು ಒಂದು ಗಳಿಗೆ ಕಾಣಿಸಿ ಹಿಂದಾಗುತ್ತದೆ. ಈ ಊರು ಹಿಂದೊಮ್ಮೆ ಎರಡು ರಾಜ್ಯಗಳ ಎಲ್ಲೆಯಲ್ಲಿದ್ದಿತೆಂಬುದು ಆ ಪ್ರಯಾಣಿಕರಿಗೆ ಹೊಳೆಯುವುದೂ ಇಲ್ಲ, ಹೊಳೆಯಬೇಕಾದ ಕಾರಣವೂ ಕಾಣುವುದಿಲ್ಲ. ಆದರೆ ಆ ಎಲ್ಲೆಯು ಅಳಿಸಿಹೋದ ಎಷ್ಟೋ ವರ್ಷಗಳ ಮೇಲೆ ಮತ್ತೊಮ್ಮೆ ತಲೆಯೆತ್ತಿ ನಿಂತಿತು. ಆ ಕಥೆಯನ್ನು ಶ್ರೋತೃಗಳ ಮುಂದಿಡಬೇಕೆಂಬುದು ನಮ್ಮ ಉದ್ದೇಶ.

ಮೊದಲು ನೆಲವನ್ನು ನೋಡೋಣ. ತರೀಕೆರೆಯ ಪಡುವಣಕ್ಕೆ ಲಕ್ಕವಳ್ಳಿಯ ಕಡೆ ಭದ್ರಾನದಿ, ದಟ್ಟವಾದ ಕಾಡು. ಮೂಡಣಕ್ಕೆ ಅಜ್ಜಂಪುರದ ಎರೆಭೂಮಿ. ಅಲ್ಲಿ ಕಣ್ಣು ಹಾಯುವವರೆಗೂ ಬಯಲು. ದಕ್ಷಿಣಕ್ಕೆ ಬೆಟ್ಟದ ಬುಡದಲ್ಲಿ ಲಿಂಗದಹಳ್ಳಿ. ಅಲ್ಲಿಂದ ಮುಂದೆ ಕಲ್ಲತ್ತಿಗಿರಿಯ ಮೇಲೆ ಹಾದು ಕೆಮ್ಮಣ್ಣುಗುಂಡಿಗೆ ಏರುವ ದಾರಿ. ನಾವು ಲಿಂಗದಹಳ್ಳಿಯಲ್ಲಿ ಇಳಿದು ಆ ದಾರಿಯ ತಿರುವಿನಲ್ಲಿ ನಿಂತು ಕೆಳಗೆ ನೋಡಿದಾಗ, ಮಲೆನಾಡು ಎಲ್ಲಿ ಮುಗಿಯಿತು, ಬಯಲುಸೀಮೆ ಎಲ್ಲಿ ಮೊದಲಾಯಿತು ಎಂಬುದನ್ನು ಬೆರಳಿಟ್ಟು ತೋರಿಸಲಾಗದೆ ಹೋಯಿತು. ಅಡಿಕೆಯ ತೋಟವೊಂದು ಮುಗಿಯುವಲ್ಲಿ ರಾಗಿಯ ಹೊಲ, ರಾಗಿಯ ಹೊಲದ ಆಚೆ ಮತ್ತೊಂದು ತೋಟ. ಅಡಿಕೆ ಮೆಣಸುಗಳು ಕೆಳಕ್ಕಿಳಿಯಬೇಕು, ದವಸ ಬಟ್ಟೆಗಳು ಮೇಲಕ್ಕೇರಬೇಕು. ಇಂಥ ಕಡೆ ಪೇಟೆಯೊಂದು ಹುಟ್ಟುವುದಕ್ಕೆ ಅರಸನ ಅಪ್ಪಣೆಯೇನೂ ಬೇಕಾಗಿರಲಿಲ್ಲ.

ಈ ಸೀಮೆ ಯಾವಾಗಲೂ ಗಡಿಯಾಗಿದ್ದಿತೆಂದೂ ಭಾವಿಸಬಾರದು. ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ 1196ರಲ್ಲಿ ಅಮೃತೇಶ್ವರ ದೇವಾಲಯವನ್ನು ಕಟ್ಟಿಸಿದವನು ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಅಮಿತಯ್ಯ. ಆ ಮಂಟಪದ ಕಡೆದ ಕಂಬಗಳ ನಡುವೆ, ಕಮಲದಂತೆ ಅರಳಿದ ಮಾಳಿಗೆಯ ಕೆಳಗೆ ನಿಂತವರು, ಇದು ಶತ್ರುವಿನ ದಂಡು ಬಂದೀತೆಂದು ಅಂಜುತ್ತ ಕಟ್ಟಿದ ಕಟ್ಟಡವಲ್ಲವೆಂಬುದನ್ನು ಕ್ಷಣದಲ್ಲಿ ಅರಿಯುವರು. ಆಗ ಇದು ರಾಜ್ಯದ ಒಳನಾಡು.

ವಿಜಯನಗರದ ಪ್ರಭುತ್ವ ಕುಗ್ಗಿದ ಮೇಲೆ ಕಥೆ ಬೇರೆಯಾಯಿತು. ಬಸವಾಪಟ್ಟಣದಲ್ಲಿಯೂ ಸಂತೇಬೆನ್ನೂರಿನಲ್ಲಿಯೂ ಆಳುತ್ತಿದ್ದ ನಾಯಕರ ಮನೆತನವೊಂದಿತ್ತು. ಸಂತೇಬೆನ್ನೂರಿನ ಹೊಂಡವನ್ನು, ನಡುವೆ ನೀರಿನಲ್ಲಿ ನಿಂತ ಆ ಚೆಲುವಾದ ಮಂಟಪವನ್ನು ನೋಡಿದವರಿಗೆ ಈ ನಾಯಕರ ಅಭಿರುಚಿಯನ್ನು ವರ್ಣಿಸಬೇಕಾಗಿಲ್ಲ. ಬಿಜಾಪುರದ ಸೇನಾನಿ ರಣದುಲ್ಲಾಖಾನನು ಹದಿನೇಳನೆಯ ಶತಮಾನದ ನಡುವಿಗೆ ಮುಂಚೆ ಈ ಕಡೆ ದಂಡೆತ್ತಿ ಬಂದನು. 1638ರಲ್ಲಿ ಬೆಂಗಳೂರನ್ನು ಕೆಂಪೇಗೌಡನಿಂದ ಕಿತ್ತುಕೊಂಡದ್ದೂ ಅವನ ದಂಡೇ. ನಾಯಕರು ತಮ್ಮ ಬಯಲಿನ ಊರುಗಳನ್ನು ಕಳೆದುಕೊಂಡು ತರೀಕೆರೆಯ ಕಡೆಯ ಗುಡ್ಡಗಾಡನ್ನು ಆಶ್ರಯಿಸಿದರು. ಹೀಗೆ ತರೀಕೆರೆಯು ಒಂದು ಪಾಳೆಯಪಟ್ಟಾದದ್ದು ವೈಭವದ ಕಾಲದಲ್ಲಲ್ಲ, ಸೋಲಿನ ಮಾರನೆಯ ದಿನ. ಇದನ್ನು ನೆನಪಿನಲ್ಲಿಟ್ಟರೆ ಆ ಮನೆತನದ ಮುಂದಿನ ನಡತೆ ಬಹಳ ಮಟ್ಟಿಗೆ ಅರ್ಥವಾಗುತ್ತದೆ.

ಅವರಿಗೆ ದೊರೆತ ನೆರೆಹೊರೆ ಎಂಥದು? ಪಡುವಲಲ್ಲಿ ಇಕ್ಕೇರಿಯ ನಾಯಕರು. 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನು ಬಿದನೂರಿನಿಂದ ಆಳುತ್ತ, ಘಟ್ಟದ ಮೇಲೂ ಕೆಳಗೂ ರಾಜ್ಯವನ್ನು ವಿಸ್ತರಿಸಿ, ಭೂಮಿಯ ಹುಟ್ಟುವಳಿಯನ್ನು ಪರೀಕ್ಷಿಸಿ ಕಂದಾಯವನ್ನು ಗೊತ್ತುಮಾಡಿದನು; ‘ಶಿವಪ್ಪನಾಯಕನ ಶಿಸ್ತು’ ಎಂಬ ಮಾತು ಇಂದಿಗೂ ನಮ್ಮ ಜನರ ಬಾಯಲ್ಲಿದೆ. ದಕ್ಷಿಣದಿಂದ ಮೈಸೂರು ಬೆಳೆಯುತ್ತ ಬಂದಿತು. ಚಿಕ್ಕದೇವರಾಜ ಒಡೆಯರು 1690ರ ವೇಳೆಗೆ ಕಡೂರು, ಬಾಣಾವರ, ಸಖರಾಯಪಟ್ಟಣ, ಚಿಕ್ಕಮಗಳೂರುಗಳನ್ನು ವಶಪಡಿಸಿಕೊಂಡರು. 1694ರ ಒಪ್ಪಂದದಲ್ಲಿ, ಐಗೂರು ಸೀಮೆಯೊಂದನ್ನು ಬಿಟ್ಟು, ಗೆದ್ದ ನೆಲ ಮೈಸೂರಿನಲ್ಲಿಯೇ ಉಳಿಯಿತು. ಇವೆರಡೂ ಸಾಲದೆಂಬಂತೆ, 1687ರಲ್ಲಿ ಮೊಗಲರು ಶಿರಾದಲ್ಲಿ ಒಂದು ಸುಬಾವನ್ನು ಸ್ಥಾಪಿಸಿ, ನಾಯಕರ ಹಳೆಯ ಬಸವಾಪಟ್ಟಣವನ್ನು ಅದರ ಏಳು ಪರಗಣೆಗಳಲ್ಲಿ ಒಂದನ್ನಾಗಿ ಸೇರಿಸಿಕೊಂಡರು. ತವರು ಮೊಗಲರ ಕೈಯಲ್ಲಿ. ಎಡಬಲಗಳಲ್ಲಿ ಇಕ್ಕೇರಿ ಮತ್ತು ಮೈಸೂರು.

ನಾವು ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೆ ತೋರಿಸುವ ಭೂಪಟಗಳಲ್ಲಿ ಇಕ್ಕೇರಿಗೆ ಒಂದು ಬಣ್ಣ, ಮೈಸೂರಿಗೆ ಇನ್ನೊಂದು ಬಣ್ಣ, ನಡುವೆ ಕೂದಲೆಳೆಯಷ್ಟು ಸಣ್ಣ ಗೆರೆ. ಈ ಗೆರೆಯು ಮುದ್ರಣಾಲಯದವರ ಸೃಷ್ಟಿಯೆಂದು ಹೇಳುವುದನ್ನು ಅಧ್ಯಾಪಕರಾದ ನಾವು ಎಷ್ಟೋ ಸಲ ಮರೆತುಬಿಡುತ್ತೇವೆ. ದೇವಸ್ವಗಳ, ಉಂಬಳಿಗಳ ಎಲ್ಲೆಯನ್ನು ಲಿಂಗಮುದ್ರೆ, ವಾಮನಮುದ್ರೆಯ ಕಲ್ಲುಗಳು ಗುರುತಿಸುತ್ತಿದ್ದುವು. ರಾಜ್ಯದ ಎಲ್ಲೆಗೆ ಅಂಥ ಕಲ್ಲೇನೂ ಬೇಕಾಗಿರಲಿಲ್ಲ. ಪಾಳೆಯಗಾರನೇ ಆ ಕಲ್ಲು. ಅವನು ಯಾರಿಗೆ ಪೊಗದಿ ಕೊಟ್ಟನೋ ಆ ವರ್ಷ ಅವನ ಸೀಮೆ ಅವರದು. ಇಕ್ಕೇರಿಯವರಿಗೂ ಮೈಸೂರಿನವರಿಗೂ ಇಂಥವನೊಬ್ಬನು ನಡುವೆ ಇದ್ದುದರಿಂದ ಲಾಭವೇ ಇತ್ತು: ನೆರೆಯವನ ದಂಡು ಮೊದಲು ತುಳಿಯುವುದು ಅವನ ಹೊಲವನ್ನು. ಪಾಳೆಯಗಾರರನ್ನು ಕೇವಲ ಸುಲಿಗೆಗಾರರೆಂದು ಬರೆದಿಟ್ಟಿರುವ ಗ್ರಂಥಕರ್ತರು ಈ ಹೊರೆಯನ್ನು ಲೆಕ್ಕಕ್ಕೆ ತೆಗೆದುಕೊಂಡಂತೆ ನಮಗೆ ಕಾಣುವುದಿಲ್ಲ. ಸುಲಿಗೆ ನಡೆಯಲಿಲ್ಲವೆಂದು ನಾವು ವಾದಿಸುವುದಿಲ್ಲ. ಎರಡು ಕಡೆಯೂ ನಂಬಿಕೆಯಿಲ್ಲದವನು ಎರಡು ಕಡೆಯೂ ಕೈಯಾಡಿಸುವುದನ್ನು ಕಲಿಯುತ್ತಾನೆ.

ಜನಸಾಮಾನ್ಯರ ವಿಷಯವೇ ಬೇರೆ. ಅವರಿಗೆ ಗಡಿಯೆಂದರೆ ಮುಖ್ಯವಾಗಿ ಸುಂಕದ ಉಕ್ಕಡ, ಮತ್ತು ನಾಣ್ಯದ ವಟ್ಟ. ಇಕ್ಕೇರಿ ವರಹವನ್ನೂ ಕಂಠೀರಾಯ ಹಣವನ್ನೂ ಒಂದೇ ಅಂಗೈಯಲ್ಲಿಟ್ಟು ತೂಗಿ ನೋಡಬಲ್ಲ ಸೆಟ್ಟರೇ ಇಂಥ ಪೇಟೆಗಳಲ್ಲಿ ನಿಜವಾದ ರಾಯಭಾರಿಗಳು. ಭಾಷೆ ಎರಡು ಕಡೆಯೂ ಒಂದೇ, ಹೆಣ್ಣು ತರುವುದೂ ಕೊಡುವುದೂ ಎರಡು ಕಡೆಗೂ. ಗಡಿಯೂರಿನ ಮಾತೆಂದೊಡನೆ ಎರಡು ನುಡಿಗಳ ಜಗಳವನ್ನು ನೆನೆಯುವ ನಮಗೆ ಇದು ಸೋಜಿಗವೆನಿಸಬಹುದು.

1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದನು. ರಾಣಿ ವೀರಮ್ಮಾಜಿ ಸೆರೆಯಾದಳು. ಅಂದಿನಿಂದ ತರೀಕೆರೆಯ ಪಡುವಣಕ್ಕೂ ತೆಂಕಣಕ್ಕೂ ಒಬ್ಬನೇ ಒಡೆಯ. ಎಲ್ಲೆಯಿಲ್ಲದ ಮೇಲೆ ಎಲ್ಲೆಯ ಕಾವಲುಗಾರನಿಂದ ಯಾರಿಗೆ ಏನು ಪ್ರಯೋಜನ? ಎರಡು ರಾಜ್ಯಗಳ ಪೈಪೋಟಿಯಿಂದಲೇ ಬದುಕಿದ್ದ ಮನೆತನಕ್ಕೆ ಆ ಪೈಪೋಟಿಯ ಅಂತ್ಯವೇ ಕುತ್ತಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಮೈಸೂರು ಒಡೆಯರಿಗೆ ಮರಳಿದ ಮೇಲೂ ನಾಯಕರಿಗೆ ಸೀಮೆ ಮರಳಲಿಲ್ಲ.

ಇನ್ನು 1830. ಮುಮ್ಮಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ ಕಂದಾಯವನ್ನು ಶರತ್ತಿನ ಮೇಲೆ ಅಮಲ್ದಾರರಿಗೆ ವಹಿಸುವ ಪದ್ಧತಿ ಬೆಳೆದು, ಗೊತ್ತಾದ ಮೊತ್ತವನ್ನು ತುಂಬಿಸುವುದಕ್ಕೆ ರೈತನನ್ನು ಹಿಂಡುವುದು ನಡೆದಿತ್ತು. ನಗರದ ಸೀಮೆಯಲ್ಲಿ, ಎಂದರೆ ಹಳೆಯ ಬಿದನೂರಿನ ರಾಜ್ಯದಲ್ಲಿ, ರೈತರು ಹೊಸಂತೆ ಮೊದಲಾದ ಕಡೆ ಕೂಟ ಸೇರಿದರು. ಬಿದನೂರಿನ ಗದ್ದುಗೆಗೆ ತಾನೇ ಹಕ್ಕುದಾರನೆಂದು ಬೂದಿಬಸವಪ್ಪನೆಂಬವನು ಎದ್ದು ನಿಂತನು. ಅವನ ಹಕ್ಕು ಸುಳ್ಳಾಗಿರಬಹುದು. ಆದರೆ ಆ ಸುಳ್ಳನ್ನು ನಂಬಲು ಸಾವಿರಾರು ಜನ ಸಿದ್ಧರಿದ್ದರೆಂಬುದು ಸುಳ್ಳಲ್ಲ. ಬಿದನೂರು ಬಿದ್ದು ಅರವತ್ತೇಳು ವರ್ಷಗಳಾಗಿದ್ದುವು. ಶಿವಪ್ಪನಾಯಕನ ಶಿಸ್ತನ್ನು ತಾತಂದಿರ ಬಾಯಿಂದ ಕೇಳಿದ್ದವರಿಗೆ, ತಾವು ಮೈಸೂರಿನವರಲ್ಲ, ಇಕ್ಕೇರಿಯವರು ಎಂಬ ಭಾವನೆಯನ್ನು ಶರತ್ತಿನ ಹಿಂಸೆಯು ಪುನಃ ಎಚ್ಚರಿಸಿತೆಂದು ನಾವು ಊಹಿಸುತ್ತೇವೆ.

ಆ ಸಮಯದಲ್ಲಿ ಮೈಸೂರಿನಲ್ಲಿದ್ದ ತರೀಕೆರೆಯ ರಂಗಪ್ಪನಾಯಕನು ಅಲ್ಲಿಂದ ಹೊರಟು ಬಂದು ಕಲ್ದುರ್ಗ, ಕಾಮನದುರ್ಗ ಎಂಬ ಗುಡ್ಡದ ಕೋಟೆಗಳನ್ನು ಹಿಡಿದನು. ಕಲ್ದುರ್ಗದ ಹೆಸರನ್ನು ಗಮನಿಸಬೇಕು. ಸಂತೇಬೆನ್ನೂರಿನಿಂದ ಹೊರಬಿದ್ದ ಅವನ ಪೂರ್ವಿಕರು ಮೊದಲು ಬೆನ್ನು ಕೊಟ್ಟು ನಿಂತದ್ದು ಆ ಗುಡ್ಡಕ್ಕೇ. ಹಳೆಯ ಗಡಿಯವನು ಹಳೆಯ ಗಡಿಯ ದಾರಿಯನ್ನೇ ಹಿಡಿದನು. ಆದರೆ ಈ ಬಾರಿ ಆಚೆ ಬದಿಯಲ್ಲಿ ಇಕ್ಕೇರಿಯ ದಂಡು ಇರಲಿಲ್ಲ; ಇದ್ದದ್ದು ರೈತರ ಕೂಟ ಮಾತ್ರ, ಎದುರಿಗೆ ಮೈಸೂರಿನ ಸೇನೆಯೂ ಅದರ ಹಿಂದೆ ಕಂಪೆನಿಯ ಪಲ್ಟನ್ನುಗಳೂ.

ದಂಗೆ 1831ರಲ್ಲಿ ಮುರಿದುಬಿದ್ದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕನು ಮೈಸೂರಿನ ಆಡಳಿತವನ್ನು ಮಹಾರಾಜರಿಂದ ತೆಗೆದುಕೊಂಡನು. ಅದು ಅರಸುಮನೆತನಕ್ಕೆ ಹಿಂದಿರುಗಿದುದು 1881ರಲ್ಲಿ. ತರೀಕೆರೆಯ ಮನೆತನದ ಸರ್ಜಾ ಹನುಮಪ್ಪನಾಯಕನು ಕಾಡಿನಲ್ಲಿ ಇನ್ನೂ ಕೆಲಕಾಲ ತಪ್ಪಿಸಿಕೊಂಡಿದ್ದು, 1834ರಲ್ಲಿ ಸಿಕ್ಕಿಬಿದ್ದು ಗಲ್ಲಿಗೇರಿದನು. 1863ರಲ್ಲಿ ಜಿಲ್ಲೆಗಳನ್ನು ವಿಂಗಡಿಸಿದಾಗ ತರೀಕೆರೆಯು ಕಡೂರು ಜಿಲ್ಲೆಗೆ ಸೇರಿತು. ಅದರ ಎಲ್ಲೆಯಾಚೆ ಶಿವಮೊಗ್ಗ ಜಿಲ್ಲೆ. ಬೀರೂರಿನಿಂದ ಶಿವಮೊಗ್ಗದ ರೈಲು ಆ ಎಲ್ಲೆಯನ್ನು ದಾಟಿ ಓಡತೊಡಗಿದ್ದು 1899ರಲ್ಲಿ.