ಗೈಡ್ ಒಪ್ಪಿಗೆಯಿಂದ ಪ್ರವೇಶ ಪರೀಕ್ಷೆಯವರೆಗೆ

ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡನೆಯ ಸಂಪುಟದಲ್ಲಿ ತುಮಕೂರು ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದ್ದು 1904ರಲ್ಲಿ. ಜಿಲ್ಲೆಗೆ ತನ್ನದೇ ವಿಶ್ವವಿದ್ಯಾನಿಲಯ ಬಂದದ್ದು 2004ರಲ್ಲಿ. ಇಡೀ ನೂರು ವರ್ಷ ತುಮಕೂರು ಸಂಶೋಧನೆಯ ವಸ್ತುವಾಗಿತ್ತೇ ಹೊರತು ಸಂಶೋಧನ ಪದವಿಯ ನೆಲೆಯಾಗಿರಲಿಲ್ಲ. ವಸ್ತುವಿಗಂತೂ ಬರವಿರಲಿಲ್ಲ. ರಾಷ್ಟ್ರಕೂಟ ಮೂರನೆಯ ಗೋವಿಂದನ ಹೆಸರಿನ ತಾಮ್ರಶಾಸನ ಸಿಕ್ಕಿದ್ದು ಗುಬ್ಬಿ ತಾಲ್ಲೂಕಿನ ಕಡಬದಲ್ಲಿ. ತೋಂಟದ ಸಿದ್ಧಲಿಂಗರ ಗದ್ದುಗೆ ಇರುವುದು ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ. ಶೂನ್ಯಸಂಪಾದನೆಯನ್ನು ಸಂಕಲಿಸಿದವರಲ್ಲೊಬ್ಬನಾದ ಸಿದ್ಧವೀರಣಾರ್ಯನ ಊರು ತುಮಕೂರಿಗೆ ಅಂಟಿಕೊಂಡ ಗೂಳೂರು. ಆದರೆ ಇವುಗಳ ಮೇಲೆ ಪಿಎಚ್.ಡಿ. ಮಾಡಬೇಕೆಂದ ಇಲ್ಲಿನ ಪದವೀಧರರು 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯದ ಕಡೆಗೋ 1964ರಲ್ಲಿ ಹುಟ್ಟಿದ ಬೆಂಗಳೂರು ವಿಶ್ವವಿದ್ಯಾನಿಲಯದ ಕಡೆಗೋ ಮುಖ ಮಾಡಬೇಕಿತ್ತು.

ಆ ಕಾಲದಲ್ಲಿ ಅಡ್ಡ ಬಂದದ್ದು ದೂರವೊಂದೇ ಅಲ್ಲ. ಅರ್ಜಿಯ ಮೊದಲ ಹೆಜ್ಜೆಯೇ ಗೈಡ್ ಒಪ್ಪಿಗೆ. ಪ್ರಾಧ್ಯಾಪಕರೊಬ್ಬರು ಹ್ಞೂಂ ಅಂದ ಮೇಲೆಯೇ ಸಾರಲೇಖ, ಸಮಿತಿ, ನೋಂದಣಿ. ಈ ಪದ್ಧತಿಯನ್ನು ಸಮರ್ಥಿಸುವವರ ಮಾತಿನಲ್ಲಿ ಹುರುಳಿದೆ: ವರ್ಷಗಟ್ಟಲೆ ಜೊತೆಗೆ ದುಡಿಯಬೇಕಾದ ಗುರುವಿಗೆ ಶಿಷ್ಯನನ್ನು ಆರಿಸುವ ಹಕ್ಕು ಬೇಡವೇ? ಸಂಶೋಧನೆಯ ಒಲವನ್ನು ಪ್ರಶ್ನೆಪತ್ರಿಕೆ ಅಳೆಯಬಲ್ಲುದೇ? ಒಳ್ಳೆಯ ಗುರುಗಳು ಹಾಗೆ ಆರಿಸಿದ್ದರಿಂದಲೇ ಕನ್ನಡಕ್ಕೆ ದೊಡ್ಡ ಮಹಾಪ್ರಬಂಧಗಳು ಬಂದಿವೆ. ಆದರೆ ಗುರುವಿನ ಕಣ್ಣಿಗೆ ಬೀಳುವುದು ಅದೇ ವಿಭಾಗದಲ್ಲಿ ಎಂ.ಎ. ಓದಿದವರು, ಪರಿಚಯದ ಪತ್ರ ತಂದವರು. ಊರಲ್ಲೇ ಮೇಷ್ಟರಾಗಿಯೋ ಮನೆ ನೋಡಿಕೊಳ್ಳುತ್ತಲೋ ಇದ್ದು ಮತ್ತೆ ಓದಲು ಹೊರಟ ಹೆಣ್ಣುಮಗಳಿಗೆ ಆ ಕಣ್ಣಿನ ಅಳತೆಯೊಳಗೆ ಜಾಗ ಸಿಗುವುದು ಕಷ್ಟವಿತ್ತು.

ಯುಜಿಸಿಯ 2009ರ ನಿಯಮಾವಳಿ ಬದಲಿಸಿದ್ದು ಇದನ್ನೇ. ಪ್ರವೇಶ ಪರೀಕ್ಷೆ, ಸಂದರ್ಶನ, ಕೋರ್ಸ್‌ವರ್ಕ್ ಬಂದವು. ಸೀಟುಗಳ ಸಂಖ್ಯೆಯನ್ನು ಮೊದಲೇ ಪ್ರಕಟಿಸಬೇಕಾಯಿತು. ಗುರುವಿನ ವಿವೇಚನೆಗೆ ಸಂದರ್ಶನ ಉಳಿಯಿತು. ಅದಕ್ಕೆ ಮೊದಲು ಎಲ್ಲರಿಗೂ ಒಂದೇ ಪರೀಕ್ಷೆ ಬಂತು. ಆಗಿನ್ನೂ ಐದು ವರ್ಷದ ಕೂಸಾಗಿದ್ದ ತುಮಕೂರು ವಿಶ್ವವಿದ್ಯಾನಿಲಯದ ಮಟ್ಟಿಗೆ ಇದು ಸಕಾಲ. ಹೊಸ ವಿಶ್ವವಿದ್ಯಾನಿಲಯ ದೂರವನ್ನು ಕಡಿಮೆ ಮಾಡಿತು, ಹೊಸ ನಿಯಮ ಪರಿಚಯದ ಅಗತ್ಯವನ್ನು ಕಡಿಮೆ ಮಾಡಿತು. ಗುಬ್ಬಿ, ಕುಣಿಗಲ್ಲಿನ ಅರ್ಜಿದಾರರಿಗೆ ಇವೆರಡೂ ಒಟ್ಟಿಗೆ ಬೇಕಿದ್ದವು. ಹಾಗೆಂದು ಬಾಗಿಲು ಪೂರ್ತಿ ತೆರೆಯಿತು ಎನ್ನುವಂತಿಲ್ಲ. 2022ರ ನಿಯಮದಲ್ಲೂ ಪ್ರಾಧ್ಯಾಪಕರಿಗೆ ಎಂಟು, ಸಹ ಪ್ರಾಧ್ಯಾಪಕರಿಗೆ ಆರು, ಸಹಾಯಕ ಪ್ರಾಧ್ಯಾಪಕರಿಗೆ ನಾಲ್ಕು ಸಂಶೋಧನಾರ್ಥಿಗಳು ಎಂಬ ಮಿತಿಯಿದೆ. ಕಾಯಂ ಅಧ್ಯಾಪಕರ ಹುದ್ದೆ ಖಾಲಿಯಿದ್ದರೆ ಸೀಟೂ ಇಲ್ಲ. ಪ್ರವೇಶದ ನ್ಯಾಯ ಕೊನೆಗೆ ನೇಮಕಾತಿಯ ಪ್ರಶ್ನೆಯೇ.

2024ರಿಂದ ನೆಟ್ ಅಂಕಗಳನ್ನೇ ಪಿಎಚ್.ಡಿ. ಪ್ರವೇಶಕ್ಕೆ ಬಳಸಬಹುದು; ಜೆಆರ್‌ಎಫ್ ಸಿಗದೆ ಅರ್ಹರಾದವರಿಗೆ ನೆಟ್‌ಗೆ ಶೇ. 70, ಸಂದರ್ಶನಕ್ಕೆ ಶೇ. 30ರ ತೂಕ. ದೇಶಕ್ಕೆಲ್ಲ ಒಂದೇ ಅಳತೆಗೋಲು, ಊರೂರಿಗೆ ಅರ್ಜಿ ಹಾಕುವ ಖರ್ಚು ಉಳಿತಾಯ ಎಂಬ ವಾದ ಸುಳ್ಳಲ್ಲ. ಆದರೆ ಭಾಷಾ ವಿಷಯಗಳನ್ನು ಬಿಟ್ಟರೆ ಆ ಪರೀಕ್ಷೆಯ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿರುತ್ತವೆ. ಇತಿಹಾಸವನ್ನೋ ಸಮಾಜಶಾಸ್ತ್ರವನ್ನೋ ಕನ್ನಡದಲ್ಲೇ ಓದಿಬಂದವರಿಗೆ ವಿಷಯದ ಪರೀಕ್ಷೆಗಿಂತ ಮೊದಲು ಭಾಷೆಯ ಪರೀಕ್ಷೆ ಎದುರಾಗುತ್ತದೆ. ಹಿಂದೆ ಪರಿಚಯವಿಲ್ಲದವರನ್ನು ಹೊರಗಿಟ್ಟ ಬಾಗಿಲು ಈಗ ಕನ್ನಡದಲ್ಲಿ ಯೋಚಿಸುವವರನ್ನು ಹೊರಗಿಡಬಾರದು. ಕನ್ನಡದಿಂದ ಗುಣಮಟ್ಟ ಕುಸಿಯುತ್ತದೆ ಎಂಬ ಅಳುಕಿಗೆ 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯವೇ ಉತ್ತರ: ಸಾಹಿತ್ಯದಾಚೆಯ ವಿಷಯಗಳಿಗೂ ಅಲ್ಲಿ ಮಹಾಪ್ರಬಂಧಗಳು ಕನ್ನಡದಲ್ಲೇ ಸಿದ್ಧವಾಗಿವೆ. 2022ರ ನಿಯಮಾವಳಿ ವಿಶ್ವವಿದ್ಯಾನಿಲಯಗಳು ತಮ್ಮದೇ ಪ್ರವೇಶ ಪರೀಕ್ಷೆ ನಡೆಸುವುದಕ್ಕೂ ಅವಕಾಶ ಕೊಟ್ಟಿದೆ. ತುಮಕೂರು ಅದನ್ನು ಬಿಟ್ಟುಕೊಡದೆ, ಕನ್ನಡದ ಪ್ರಶ್ನೆಪತ್ರಿಕೆಯೊಂದಿಗೆ ಉಳಿಸಿಕೊಳ್ಳಬೇಕು. ಕಡಬದ ಶಾಸನವನ್ನು ಓದಬಲ್ಲ ಗುಬ್ಬಿಯ ಪದವೀಧರೆ ಅರ್ಜಿಯ ಹಂತದಲ್ಲೇ ಹಿಂದೆ ಸರಿಯುವಂತಾದರೆ, ಜಿಲ್ಲೆಗೊಂದು ವಿಶ್ವವಿದ್ಯಾನಿಲಯ ಬೇಕೆಂದು ಹೇಳಿದ್ದಕ್ಕೆ ಅರ್ಥವೇ ಉಳಿಯದು.