ಫಾರ್ಫರ್‌ಶೈರ್ ಹಡಗಿನ ಬಾಯ್ಲರು

ಗ್ರೇಸ್ ಡಾರ್ಲಿಂಗಳ ಕಥೆಯನ್ನು ನಮ್ಮ ವಾಚಕರಲ್ಲಿ ಹಲವರು ಶಾಲೆಯ ಇಂಗ್ಲಿಷ್ ಪಾಠದಲ್ಲಿ ಓದಿರಬಹುದು. ಬಿರುಗಾಳಿಯ ಬೆಳಗು; ಸಮುದ್ರಮಧ್ಯದಲ್ಲೊಂದು ದೀಪಸ್ತಂಭ; ಅದರ ಪಾಲಕನ ಮಗಳು, ಇಪ್ಪತ್ತೆರಡು ವರ್ಷದ ತರುಣಿ, ತಂದೆಯೊಡನೆ ಸಣ್ಣ ದೋಣಿಯಲ್ಲಿ ಹುಟ್ಟು ಹಾಕುತ್ತ ಹೋಗಿ, ಒಡೆದ ಹಡಗಿನವರನ್ನು ಬಂಡೆಯಿಂದ ಕರೆತಂದಳು. ಈ ಪಾಠವನ್ನು ನಾವೂ ಎಷ್ಟೋ ಸಲ ಕಲಿಸಿದ್ದೇವೆ. ಒಮ್ಮೆ ಹಿಂದಿನ ಬೆಂಚಿನಲ್ಲಿದ್ದ, ಕಡಲಕರೆಯ ಮೀನುಗಾರರ ಮನೆಯಿಂದ ಬರುತ್ತಿದ್ದ ಹುಡುಗನೊಬ್ಬನು ಎದ್ದು ನಿಂತು, “ಮಾಷ್ಟ್ರೇ, ಆ ಹಡಗು ಬಂಡೆಗೆ ಹೋಗಿ ಬಡಿದದ್ದು ಯಾಕೆ? ಅದಕ್ಕೆ ಇಂಜಿನು ಇರಲಿಲ್ಲವೆ?” ಎಂದು ಕೇಳಿದನು. ಗಾಳಿ ಬಲವಾಗಿತ್ತು ಎಂದು ಉತ್ತರ ಕೊಟ್ಟೆವು. ಅವನಿಗೆ ತೃಪ್ತಿಯಾಗಲಿಲ್ಲ, ನಮಗೂ ಆಗಲಿಲ್ಲ. ಆಮೇಲೆ ಆ ಪ್ರಸಂಗದ ವೃತ್ತಾಂತವನ್ನು ಹುಡುಕಿ ಓದಿದಾಗ ತಿಳಿದುದೇನೆಂದರೆ, ಹುಡುಗನು ಕೇಳಿದ್ದೇ ಮುಖ್ಯವಾದ ಪ್ರಶ್ನೆ. ಇಂಜಿನು ಇತ್ತು. ಅದು ಕೆಟ್ಟುಹೋದ ಕಥೆಯು ಗ್ರೇಸಳ ಕಥೆಗಿಂತ ಒಂದು ದಿನಕ್ಕೂ ಮೊದಲೇ ಆರಂಭವಾಗಿತ್ತು.

ಹಡಗಿನ ಹೆಸರು ಫಾರ್ಫರ್‌ಶೈರ್. ಸ್ಕಾಟ್ಲೆಂಡಿನ ಡಂಡೀ ಬಂದರಿನಲ್ಲಿ ಕಟ್ಟಿದ ಉಗಿಹಡಗು. ಎರಡು ಪಕ್ಕಗಳಲ್ಲಿಯೂ ನೀರನ್ನು ಬಡಿಯುವ ಹಲಗೆಗಾಲಿಗಳು. ಹಳೆಯದೂ ಅಲ್ಲ, ಸಂಚಾರಕ್ಕೆ ಇಳಿದು ಕೆಲವೇ ವರ್ಷಗಳಾಗಿದ್ದವು. ಇಂಗ್ಲೆಂಡಿನ ಹಲ್ ಬಂದರಿಗೂ ಡಂಡೀಗೂ ನಡುವೆ ಕರಾವಳಿಯನ್ನು ಹಿಡಿದು ಹೋಗಿಬರುವುದು ಅದರ ಕೆಲಸ. ಆ ಎರಡು ಊರುಗಳಿಗೆ ನಡುವೆ ರೈಲುದಾರಿ ಇನ್ನೂ ಬಂದಿರಲಿಲ್ಲವಾದ್ದರಿಂದ ಜನರಿಗೆ ಇಂಥ ಹಡಗುಗಳೇ ಆಧಾರ. ೧೮೩೮ನೆಯ ಸೆಪ್ಟೆಂಬರ್ ೫ರಂದು, ಬುಧವಾರ ಸಂಜೆ, ಸುಮಾರು ಅರುವತ್ತು ಮಂದಿಯನ್ನು ಹೊತ್ತು ಅದು ಹಲ್ ಬಂದರನ್ನು ಬಿಟ್ಟಿತು. ನಾಯಕನ ಹೆಸರು ಜಾನ್ ಹಂಬಲ್. ಅವನ ಹೆಂಡತಿಯೂ ಜೊತೆಯಲ್ಲಿದ್ದಳು.

ಆ ಕಾಲದ ಹಡಗಿನ ಬಾಯ್ಲರೆಂದರೆ ಏನೆಂಬುದನ್ನು ವಿದ್ಯಾರ್ಥಿಗಳಿಗೆ ಹೇಳದಿದ್ದರೆ ಮುಂದಿನದು ಅರ್ಥವಾಗದು. ಕಬ್ಬಿಣದ ತಗಡುಗಳನ್ನು ಅಂಚಿಗೆ ಅಂಚು ಸೇರಿಸಿ, ಮೊಳೆ ಬಡಿದು ಬೆಸೆದ ದೊಡ್ಡ ಪೆಟ್ಟಿಗೆ ಅದು. ಅದರೊಳಗೆ ಕಾಯಿಸುತ್ತಿದ್ದುದು ಸಮುದ್ರದ ಉಪ್ಪುನೀರನ್ನೇ. ನಮ್ಮ ಬಚ್ಚಲುಮನೆಯ ಹಂಡೆಯಲ್ಲಿ ಸಪ್ಪೆನೀರು ಕಾದರೂ ತಳದಲ್ಲಿ ಬಿಳಿಯ ಪೊರೆ ಕಟ್ಟುವುದನ್ನು ನೋಡಿರುತ್ತೇವೆ. ಉಪ್ಪುನೀರಾದರೆ ಹೇಳಬೇಕೆ? ಆ ಪೊರೆ ದಪ್ಪವಾದಷ್ಟೂ ಬೆಂಕಿಯ ಕಾವು ನೀರಿಗೆ ತಲುಪದೆ ತಗಡೇ ಕಾದು ಕೆಂಪಾಗುವುದು, ಬೆಸುಗೆ ಸಡಿಲುವುದು, ಸಂದುಗಳಲ್ಲಿ ನೀರು ಜಿನುಗುವುದು. ಆದುದರಿಂದ ಗಳಿಗೆಗೊಮ್ಮೆ ಗಟ್ಟಿಯಾದ ಉಪ್ಪುನೀರನ್ನು ಹೊರಕ್ಕೆ ಬಿಟ್ಟು ಹೊಸ ನೀರನ್ನು ತುಂಬುತ್ತಿದ್ದರು. ಬಾಯ್ಲರು ಸೋರುವುದೆಂಬುದು ಅಂದಿನ ಹಡಗಿನವರಿಗೆ ಅಪೂರ್ವ ಸಂಗತಿಯಾಗಿರಲಿಲ್ಲ. ಹೀಗಾಗಿಯೇ ಉಗಿಹಡಗುಗಳು ಹಾಯಿಕಂಬಗಳನ್ನೂ ಹೊತ್ತುಕೊಂಡು ಹೋಗುತ್ತಿದ್ದವು. ಇಂಜಿನನ್ನು ಪೂರ್ಣವಾಗಿ ನಂಬುವ ಕಾಲ ಇನ್ನೂ ಬಂದಿರಲಿಲ್ಲ.

ಹಲ್‌ನಲ್ಲಿ ಹೊರಡುವ ಮೊದಲೇ ಬಾಯ್ಲರನ್ನು ಪರೀಕ್ಷಿಸಿ, ಅಲ್ಲಿದ್ದ ಸಣ್ಣ ಸೋರಿಕೆಯೊಂದನ್ನು ಮುಚ್ಚಿದ್ದರು. ಫ್ಲಾಂಬರೋ ಭೂಶಿರದ ಬಳಿಗೆ ಬರುವಷ್ಟರಲ್ಲಿ ಅದು ಮತ್ತೆ ಕಾಣಿಸಿಕೊಂಡಿತು. ಸುಮಾರು ಆರು ಗಂಟೆಯ ಕಾಲ ನೀರು ಸೋರುತ್ತಲೇ ಇತ್ತು. ಈ ಸೋರಿಕೆ ಎಷ್ಟು ದೊಡ್ಡದಾಗಿತ್ತೆಂಬ ವಿಷಯದಲ್ಲಿ, ಬದುಕಿ ಬಂದವರಲ್ಲಿಯೇ ಇಬ್ಬರ ಮಾತು ಎರಡಾಗಿದೆ. ಬೆಂಕಿಗೆ ಕಲ್ಲಿದ್ದಲು ಎಸೆಯುತ್ತಿದ್ದವನ ಪ್ರಕಾರ ಅದು ಸಾಮಾನ್ಯದ ಸೋರಿಕೆಯಲ್ಲ. ಎರಡು ಒಲೆಗಳ ಬೆಂಕಿ ಆರಿಹೋಗಿತ್ತು, ಬಾಯ್ಲರನ್ನು ಅಷ್ಟಿಷ್ಟು ದುರಸ್ತಿ ಮಾಡಿದ ಮೇಲೆ ಮತ್ತೆ ಹೊತ್ತಿಸಿದರು. ಇಂಜಿನು ನೋಡಿಕೊಳ್ಳುತ್ತಿದ್ದವನು ಹೇಳಿದ್ದು ಬೇರೆ: ಬಾಯ್ಲರು ಇಷ್ಟೇ ಕೆಟ್ಟಿದ್ದುದನ್ನು ತಾನು ಹಿಂದೆಯೂ ಅನೇಕ ಸಲ ಕಂಡಿದ್ದೇನೆ ಎಂದನು. ಹಡಗನ್ನು ಸಮರ್ಥಿಸುವುದಕ್ಕಾಗಿ ಆಡಿದ ಮಾತಾಗಿರಬಹುದು. ನಮಗಂತೂ ಇಡೀ ವೃತ್ತಾಂತದಲ್ಲಿ ಇದಕ್ಕಿಂತ ಕಠಿಣವಾದ ದೋಷಾರೋಪ ಇನ್ನೊಂದು ಕಾಣಲಿಲ್ಲ.

ವೇಗ ತಗ್ಗಿತು. ಬೇರೆ ಮೂರು ಉಗಿಹಡಗುಗಳು ಫಾರ್ಫರ್‌ಶೈರನ್ನು ಹಿಂದೆ ಹಾಕಿ ಮುಂದೆ ಸಾಗಿದವು. ಕೆಳಗಿನ ಓಡಾಟದ ಗದ್ದಲವನ್ನು ಕಂಡು ಪ್ರಯಾಣಿಕರಿಗೂ ಏನೋ ಸರಿಯಿಲ್ಲವೆಂದು ತೋರಿತು. ಹಂಬಲ್ ಹಿಂದಿರುಗಲಿಲ್ಲ. ಗುರುವಾರ ಸಂಜೆ ಸುಮಾರು ಆರು ಗಂಟೆಗೆ, ಫಾರ್ನ್ ದ್ವೀಪಗಳಿಗೂ ನೆಲಕ್ಕೂ ನಡುವಣ ಕಾಲುವೆಯಂಥ ದಾರಿಯಲ್ಲಿ ಹಡಗು ಉತ್ತರಕ್ಕೆ ಹಾದುಹೋಯಿತು. ಕುಂಟುತ್ತಲಾದರೂ ಇಂಜಿನು ಆಗ ನಡೆಯುತ್ತಿತ್ತು. ಇನ್ನು ಹತ್ತು ಗಂಟೆಗಳೊಳಗೆ ಅದೇ ದ್ವೀಪಗಳಿಗೆ ಇಂಜಿನಿಲ್ಲದೆ ಮರಳಲಿತ್ತು.

ರಾತ್ರಿ ಎಂಟರ ಹೊತ್ತಿಗೆ ಬೆರಿಕ್ ಕೊಲ್ಲಿಯನ್ನು ಹೊಕ್ಕಾಗ ಉತ್ತರದ ಗಾಳಿ ಬಲವಾಗಿತ್ತು, ತೆರೆಗಳು ಎತ್ತರವಾಗಿದ್ದವು. ಹಡಗು ತೊನೆದಾಡಿದಂತೆಲ್ಲ ಬಾಯ್ಲರಿನ ಸಂದುಗಳು ಇನ್ನಷ್ಟು ಬಾಯಿಬಿಟ್ಟವು. ಸೋರುವ ನೀರಿನಿಂದ ಒಲೆಗಳನ್ನು ಉರಿಸುವುದೇ ಅಸಾಧ್ಯವಾಯಿತು. ಬಾಯ್ಲರಿಗೆ ನೀರು ತುಂಬಲು ಇಬ್ಬರನ್ನು ಪಂಪಿಗೆ ಹಚ್ಚಿದರು. ಅವರು ಒತ್ತಿದ ನೀರು ಒತ್ತಿದಷ್ಟೇ ಬೇಗ ಹೊರಬಂದಿತು. ಹತ್ತು ಗಂಟೆಯ ಸುಮಾರಿಗೆ ಸೇಂಟ್ ಆಬ್ಸ್ ಭೂಶಿರದ ಎದುರಿನಲ್ಲಿ, ಇಂಜಿನು ಇನ್ನು ನಡೆಯದೆಂದು ನಾಯಕನಿಗೆ ವರದಿ ಹೋಯಿತು.

ಇಲ್ಲಿ ನಮ್ಮ ಸ್ವಂತ ಅನುಭವವೊಂದನ್ನು ಹೇಳುವುದು ಅಪ್ರಸ್ತುತವಾಗದೆಂದು ನಂಬುತ್ತೇವೆ. ಒಂದು ರಜೆಯಲ್ಲಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಚಂದ್ರಗಿರಿ ಹೊಳೆಯಲ್ಲಿ ಮೋಟಾರು ದೋಣಿಯೊಂದರಲ್ಲಿ ಅಳಿವೆಯ ಕಡೆಗೆ ಹೋಗಿದ್ದೆವು. ನಡುಹೊಳೆಯಲ್ಲಿ ಇಂಜಿನು ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಮಕ್ಕಳಿಗೆ ನಗು, ನಮಗೆ ಬೆವರು. ದೋಣಿಯವನು ಒಂದು ಮಾತನ್ನೂ ಆಡದೆ ಬಿದಿರಿನ ಗಳವನ್ನು ಊರಿ ದೋಣಿಯನ್ನು ದಡಕ್ಕೆ ತಂದು, ಎಣ್ಣೆಯ ನಳಿಗೆಯನ್ನು ಬಿಚ್ಚಿ ಊದಿ, ಅರ್ಧ ಗಂಟೆಯಲ್ಲಿ ಹೊರಡಿಸಿದನು. ಹೊಳೆಯಲ್ಲಿ ಇಂಜಿನು ಕೆಟ್ಟವನಿಗೆ ದಡವೇ ರಕ್ಷೆ. ಕರಾವಳಿಯ ಸಮುದ್ರದಲ್ಲಿ ಇದು ತಲೆಕೆಳಗು. ಅಲ್ಲಿ ನೆಲ ಹತ್ತಿರವಿರುವುದೇ ಭಯ. ಗಾಳಿಯೂ ಸೆಳೆತವೂ ನೆಲದ ಕಡೆಗಿದ್ದರಂತೂ ದುರಸ್ತಿಗೆ ಸಮಯವೇ ಸಿಗದು. ನಟ್ಟನಡುಸಾಗರದಲ್ಲಿ ಇಂಜಿನು ಕೆಟ್ಟ ಹಡಗಿಗೆ ದಿನಗಟ್ಟಲೆ ಅವಕಾಶವಿರುತ್ತದೆ. ಹಂಬಲ್‌ನಿಗೆ ಉಳಿದಿದ್ದುದು ಕೆಲವೇ ಗಂಟೆಗಳು.

ನೆಲಕ್ಕೆ ಹೋಗಿ ಬಡಿಯುವ ಭಯದಿಂದ ಅವನು ಹಾಯಿಗಳನ್ನು ಏರಿಸಿ, ಹಡಗನ್ನು ತಿರುಗಿಸಿ, ಗಾಳಿಗೆ ಬೆನ್ನು ಕೊಟ್ಟು ದಕ್ಷಿಣಕ್ಕೆ ನಡೆಸಿದನು. ಲಂಗರು ಹಾಕುವ ಪ್ರಯತ್ನ ನಡೆಯಲಿಲ್ಲ. ಪಕ್ಕಗಳಲ್ಲಿ ಭಾರವಾದ ಗಾಲಿಗಳನ್ನು ತೂಗಿಕೊಂಡ ಹಡಗು ಹಾಯಿಗೆ ಸುಲಭವಾಗಿ ಮಣಿಯತಕ್ಕದ್ದಲ್ಲ. ಮಳೆ, ಮಂಜು, ದಕ್ಷಿಣಕ್ಕೆ ಸೆಳೆಯುವ ಭರತದ ಪ್ರವಾಹ. ಕೊನೆಗೆ ಬಂಡೆಗಳ ಮೇಲೆ ಒಡೆಯುವ ನೊರೆಯೂ ಫಾರ್ನ್ ದೀಪಗಳೂ ಒಟ್ಟಿಗೆ ಕಣ್ಣಿಗೆ ಬಿದ್ದವು. ಸಂಜೆ ಹಾದುಹೋದ ಅದೇ ದಾರಿಯೊಳಕ್ಕೆ ಹಡಗನ್ನು ನುಗ್ಗಿಸಲು ಹಂಬಲ್ ಯತ್ನಿಸಿದನು. ಚುಕ್ಕಾಣಿಗೆ ಅದು ಓಗೊಡಲಿಲ್ಲ. ಶುಕ್ರವಾರ ಬೆಳಗಿನ ಜಾವ, ಮೂರು ನಾಲ್ಕು ಗಂಟೆಗಳ ನಡುವೆ, ಬಿಗ್ ಹಾರ್ಕರ್ ಎಂಬ ಬಂಡೆಗೆ ಮೂತಿ ಬಡಿಯಿತು. ಸ್ವಲ್ಪ ಹೊತ್ತಿನಲ್ಲಿ ಎರಡು ತುಂಡಾಯಿತು. ಹಿಂಭಾಗವು ಅಲ್ಲಿದ್ದವರ ಸಮೇತ ಕೊಚ್ಚಿಹೋಯಿತು. ನಾಯಕನೂ ಅವನ ಹೆಂಡತಿಯೂ ಹೋದರು. ಒಟ್ಟಿನಲ್ಲಿ ಸತ್ತವರು ನಾಲ್ವತ್ತಕ್ಕೂ ಹೆಚ್ಚು ಮಂದಿ. ಹಡಗಿನ ಸಣ್ಣ ದೋಣಿಯೊಂದರಲ್ಲಿ ಪಾರಾದವರು ಒಂಬತ್ತು, ಬಂಡೆಯ ಮೇಲೆ ಜೀವಂತ ಉಳಿದವರು ಒಂಬತ್ತು.

ಅಲ್ಲಿಂದ ಮುಂದಿನದು ಎಲ್ಲರಿಗೂ ತಿಳಿದ ಕಥೆ. ಲಾಂಗ್‌ಸ್ಟೋನ್ ದೀಪಸ್ತಂಭದ ಕಿಟಕಿಯಿಂದ ಗ್ರೇಸ್ ಒಡಕನ್ನು ಕಂಡಳು. ಬೆಳಕು ಹರಿದ ಮೇಲೆ ಬಂಡೆಯಲ್ಲಿ ಜನ ಮಿಸುಕುವುದು ಗೋಚರಿಸಿತು. ತಂದೆ ವಿಲಿಯಂ ಡಾರ್ಲಿಂಗನೂ ಅವಳೂ ೨೧ ಅಡಿ ಉದ್ದದ ದೋಣಿಯನ್ನಿಳಿಸಿದರು. ಬಂಡೆಗಳ ಮರೆ ಸಿಗಲೆಂದು ಬಳಸಿಕೊಂಡು, ಸುಮಾರು ಒಂದು ಮೈಲಿ ಹುಟ್ಟು ಹಾಕಿದರು. ತಂದೆ ಬಂಡೆಗೆ ಹಾರಿದಾಗ, ದೋಣಿ ಒಡೆಯದಂತೆ ಅವಳೊಬ್ಬಳೇ ಅದನ್ನು ಹಿಂದಕ್ಕೂ ಮುಂದಕ್ಕೂ ನಡೆಸುತ್ತ ಹಿಡಿದಿದ್ದಳು. ಪಾಠದಲ್ಲಿ ಒಂದೇ ಸಾಲಿನಲ್ಲಿ ಮುಗಿಯುವ ಈ ಕೆಲಸವೇ ನಮ್ಮ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಒಂಬತ್ತು ಮಂದಿಯನ್ನು ಎರಡು ಸಲವಾಗಿ ತಂದರು. ಆಮೇಲೆ ಪದಕ, ಕೀರ್ತಿ, ಚಿತ್ರಕಾರರ ಸಾಲು. ತಲೆಗೂದಲಿನ ಎಳೆ ಕಳಿಸೆಂದು ಕೇಳುವ ಪತ್ರಗಳು. ೧೮೪೨ರ ಅಕ್ಟೋಬರ್ ೨೦ರಂದು, ಇನ್ನೂ ಇಪ್ಪತ್ತಾರು ವರ್ಷದವಳಿರುವಾಗಲೇ, ಅವಳು ಕ್ಷಯರೋಗದಿಂದ ತೀರಿಕೊಂಡಳು.

ಬಾಂಬರೋ ಎಂಬಲ್ಲಿ ಮರಣವಿಚಾರಣೆಗೆ ಮೊದಲು ಕುಳಿತ ಪಂಚರು, ಬಾಯ್ಲರುಗಳ ದೋಷವೂ ಬಂದರಿಗೆ ಹಿಂದಿರುಗದ ನಾಯಕನ ಅಲಕ್ಷ್ಯವೂ ಕಾರಣವೆಂದು ತೀರ್ಮಾನಿಸಿದರು. ಸತ್ತವನು ಬಂದು ಉತ್ತರ ಹೇಳಲಾರನು. ಅವನನ್ನು ಸುಮ್ಮನೆ ನಿರ್ಲಕ್ಷ್ಯಗಾರನೆಂದು ತಳ್ಳಿಹಾಕಲು ನಮಗೆ ಮನಸ್ಸಿಲ್ಲ. ಫ್ಲಾಂಬರೋದ ಬಳಿ ಸೋರಿಕೆ ಸಣ್ಣದಾಗಿ ಕಂಡಿರಬೇಕು. ದುರಸ್ತಿಯಾಯಿತು, ಬೆಂಕಿ ಮತ್ತೆ ಹೊತ್ತಿತು, ಹಡಗು ನಡೆಯಿತು; ಮೂರು ಹಡಗುಗಳು ಕಣ್ಣೆದುರಿನಲ್ಲೇ ಮುಂದೆ ಹೋದವು. ಮುಂದುವರಿಯುವುದಕ್ಕೆ ಒಂದೊಂದು ಗಂಟೆಯೂ ಒಂದೊಂದು ಕಾರಣವನ್ನು ಒದಗಿಸಿಕೊಟ್ಟಿತು. ಆದರೂ ಗುರುವಾರ ಸಂಜೆ ಆರು ಗಂಟೆಗೆ, ಗಾಳಿ ಎದುರಾಗುತ್ತಿರುವಾಗ, ದ್ವೀಪಗಳ ಮರೆಯನ್ನು ಬಿಟ್ಟು ಹೊರಟದ್ದನ್ನು ಸಮರ್ಥಿಸಲು ನಮ್ಮಿಂದಾಗದು.

ಇಷ್ಟನ್ನೂ ತರಗತಿಯಲ್ಲಿ ಹೇಳಿದೆವು. ಆ ಹುಡುಗನು ಮತ್ತೆ ಎದ್ದನು. “ಮೊದಲೇ ಸೋರುತ್ತಿತ್ತು ಅಂತಾದರೆ, ಹೊರಡಬಹುದು ಅಂತ ಹೇಳಿದ್ದು ಯಾರು, ಮಾಷ್ಟ್ರೇ?”

ಈ ಸಲ ಉತ್ತರವಿತ್ತು. ೧೮೩೮ರಲ್ಲಿ ಅದನ್ನು ಹೇಳಬೇಕಾದವರು ಹಡಗಿನ ಒಡೆಯರೂ ನಾಯಕನೂ ಮಾತ್ರ. ಹೊರಗಿನವರು ಬಂದು ನೋಡಬೇಕೆಂಬ ಕಾನೂನು ಇರಲಿಲ್ಲ. ೧೮೪೬ರಲ್ಲಿ ಬ್ರಿಟನ್ನಿನ ಪಾರ್ಲಿಮೆಂಟು, ಪ್ರಯಾಣಿಕರನ್ನು ಒಯ್ಯುವ ಉಗಿಹಡಗುಗಳ ಒಡಲನ್ನೂ ಯಂತ್ರವನ್ನೂ ಆರು ತಿಂಗಳಿಗೊಮ್ಮೆ ತಜ್ಞರು ಪರೀಕ್ಷಿಸಿ ಬರೆದುಕೊಡಬೇಕೆಂದು ವಿಧಿಸಿತು. ಇಂಜಿನಿನ ಮುಂದೆ ನಿಲ್ಲುವವನಿಗೂ ಪರೀಕ್ಷೆಯಾಗಿ ಅರ್ಹತಾಪತ್ರವಿರಬೇಕೆಂಬ ನಿಯಮ ಬರುವುದಕ್ಕೆ ಇನ್ನೂ ಹದಿನಾರು ವರ್ಷ ಹಿಡಿಯಿತು. ಅದು ಬಂದದ್ದು ೧೮೬೨ರಲ್ಲಿ.